ಪೀರ್ ಸಾಬರ ತೂತಿನ ಬಟ್ಟಲು

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ ಹಾಲಿನವನು ಮತ್ತೆ ಕೂಗಿದ. ಅಷ್ಟು ದಿನವೂ ಅವನು ಸದ್ದು ಮಾಡದೆ ಬಾಗಿಲ ಬಳಿಯ ಪಾತ್ರೆಗೆ ಹಾಲು ಸುರಿದು ಹೋಗುತ್ತಿದ್ದ. ಕೂಗು ಕೇಳಿ ಎದ್ದೆ. ಇನ್ನು ಮೇಲೆ ಎಲ್ಲ ಬೆಳಗೂ ಹೀಗೇ ಇರುತ್ತದೆ ಎಂದು ಗೊತ್ತಾಯಿತು.

ಅಡುಗೆಮನೆಯಲ್ಲಿ ಅತ್ತೆ ರಾಧಮ್ಮ ಕಾಫಿಗೆ ಲೋಟ ಇಡುತ್ತಿದ್ದರು. ಮೂರು ಲೋಟ ಇಟ್ಟರು. ನೋಡಿದರು. ಮೂರನೆಯದನ್ನು ಎತ್ತಿಡಲಿಲ್ಲ. ಅದರಲ್ಲಿ ನೀರು ಬಗ್ಗಿಸಿಕೊಂಡು ಕುಡಿದರು.

ಬಂಧುಗಳು ಹಿಂದಿನ ಸಂಜೆಯೇ ಮುಳಬಾಗಿಲು ಬಿಟ್ಟಿದ್ದರು. ಅಕ್ಕಪಕ್ಕದ ಮನೆಗಳಿಂದ ತಂದ ಪಾತ್ರೆಗಳು ನಡುಮನೆಯಲ್ಲಿ ಹರಡಿದ್ದವು. ಕಾಫಿಯಾದ ಮೇಲೆ ಇಬ್ಬರೂ ಅವನ್ನು ವಿಂಗಡಿಸಲು ಕೂತೆವು. ಅಂಚಿನಲ್ಲಿ ಕೊರೆಸಿದ ಹೆಸರು ಓದುವುದು, ಆಯಾ ಮನೆಯ ರಾಶಿಗೆ ಸೇರಿಸುವುದು. ಆ ಕೆಲಸ ನನಗೆ ಹಿಡಿಸಿತು. ಯೋಚಿಸಬೇಕಾಗಿರಲಿಲ್ಲ.

ಹೆಸರಿಲ್ಲದ್ದು ಒಂದೇ. ಅಂಗೈ ಅಗಲದ ಹಿತ್ತಾಳೆ ಬಟ್ಟಲು. ಪಕ್ಕದಲ್ಲಿ ಉದ್ದನೆಯ ಹಿಡಿ, ತಳದಲ್ಲಿ ತೂತು.

"ಇದ್ಯಾರದೇ? ಅಭಿಷೇಕದ ಧಾರಾಪಾತ್ರೇನಾ?" ಎಂದರು ಅತ್ತೆ.

"ಅಲ್ಲ ಅತ್ತೆ. ನಂಗಲಿ ಪೀರ್ ಸಾಬರದ್ದು. ಹೈವೇಲಿ ಲಾರಿಗೆ ಬಣ್ಣ ಹೊಡೀತಾರಲ್ಲ, ಅವರು. ಇವರು ಇಸ್ಕೊಂಡು ಬಂದಿದ್ರು."

"ಬಣ್ಣದ ಬಟ್ಟಲು ನನ್ನ ಅಡುಗೆಮನೇಲಿ! ಅವನ ಬುದ್ಧೀನೇ ಅಷ್ಟು." ಅತ್ತೆ ಅದನ್ನು ತಿರುಗಿಸಿ ನೋಡಿದರು. "ಅವನು ಹೋದ ದಿನ ಪೀರ್ ಸಾಬರೂ ಬಂದಿದ್ರು ಕಣೇ. ಗೇಟಿನ ಹತ್ರಾನೇ ನಿಂತಿದ್ರು. ಬಟ್ಟಲು ಅಂತ ಬಾಯೇ ಬಿಡ್ಲಿಲ್ಲ, ಪಾಪ."

"ಹೂಂ."

"ಹೋದವನು ಇಸ್ಕೊಂಡಿದ್ದು ಮನೇಲಿ ಉಳೀಬಾರ್ದು. ಇವತ್ತೇ ಕೊಟ್ಟು ಬಾ. ಬರಿದು ಕೊಡ್ಬೇಡ, ಏನಾದ್ರೂ ಹಾಕಿ ಕೊಡು."

ನಮ್ಮಲ್ಲಿ ಇಸಕೊಂಡ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಉಳಿದ ಪಾತ್ರೆಗಳಿಗೆ ಅತ್ತೆ ಆಗಲೇ ಬೆಲ್ಲದ ಚೂರು ಹಾಕಿಟ್ಟಿದ್ದರು.

"ತೂತಿನ ಬಟ್ಟಲಿಗೆ ಏನು ಹಾಕ್ಲಿ ಅತ್ತೆ?"

ಅಷ್ಟರಲ್ಲಿ ಫೋನು ಬಂತು.

"ಮೇಡಂ, ಶ್ರೀರಾಮ್ ಮಾತಾಡ್ತಿರೋದು, ಮಾಲೂರಿಂದ. ನಂದಕಿಶೋರ್ ಸಾಮಾನು ಒಂದಿಷ್ಟು ಇಲ್ಲೇ ಇದೆ." ಮತ್ತೆ, "ಇನ್ನೊಂದು ವಿಷಯ. ಫ್ರೀಜರ್ ಖಾಲಿ ಮಾಡ್ತಿದೀವಿ. ಕೆಲಸ ಮಾಡದೇ ಇರೋ ತಳಿ ಇಟ್ಕೊಳ್ಳೋ ಹಾಗಿಲ್ಲ, ಮೇಲಿನೋರ ಆರ್ಡರ್. ತೋಕಾನೂ ಹೋಗುತ್ತೆ. ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಫೋನ್ ಮಾಡ್ದೆ."

"ಯಾವತ್ತು?"

"ನಾಳೆ ಬೇಯಿಸಿ ಎಸೀತೀವಿ. ಇವತ್ತು ರುಮಾನಾ ಕೊನೇ ಸಲ ಅಂತ ಒಂದು ಟೆಸ್ಟ್ ಮಾಡ್ತಿದಾಳೆ."

"ನಾನು ಬರ್ತೀನಿ," ಎಂದೆ.

ತೋಕ ಎಂದರೆ ತೆಲುಗಿನಲ್ಲಿ ಬಾಲ. ಅದು ನನ್ನ ಗಂಡ ಕಟ್ಟಿದ ಯೀಸ್ಟ್ ತಳಿ.

ನಂದನೂ ನಾನೂ ಬೆಂಗಳೂರಿನಲ್ಲಿ ಒಟ್ಟಿಗೆ ಜೀವರಸಾಯನಶಾಸ್ತ್ರ ಓದಿದವರು. ಅತ್ತೆಯ ಮುಂದೆ ಅವನು 'ಇವರು', ನಮ್ಮಿಬ್ಬರೊಳಗೆ ನಂದ. ಓದು ಮುಗಿದ ಮೇಲೆ ನಾನು ಕೋಲಾರದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಅವನು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕಿಣ್ವ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಸೇರಿದ. ಶ್ರೀರಾಮ್ ಅಲ್ಲಿಯ ಲ್ಯಾಬಿನ ಮುಖ್ಯಸ್ಥರು.

ಮಾವಿನ ತಿರುಳು ಗಟ್ಟಿಯಾಗಿ ಅಂಟಿಕೊಳ್ಳುವುದು ಪೆಕ್ಟಿನ್ ಎಂಬ ವಸ್ತುವಿನಿಂದ. ಅದನ್ನು ಕತ್ತರಿಸುವ ಒಂದು ಕಿಣ್ವ ಬೂಷ್ಟಿನಲ್ಲಿದೆ. ಅದು ಬಿದ್ದರೆ ತಿರುಳು ತೆಳ್ಳಗಾಗಿ ರಸ ಬಿಟ್ಟುಕೊಡುತ್ತದೆ. ಶ್ರೀನಿವಾಸಪುರದ ಕಡೆಯ ಹಣ್ಣಿನ ಕಾರ್ಖಾನೆಗಳು ಆ ಕಿಣ್ವವನ್ನು ಹೊರದೇಶದಿಂದ ತರಿಸುತ್ತಿದ್ದವು. ಬೂಷ್ಟಿನ ಜೀನನ್ನು ಯೀಸ್ಟಿಗೆ ಸೇರಿಸಿ, ಯೀಸ್ಟಿನಿಂದಲೇ ಕಿಣ್ವ ಮಾಡಿಸುವುದು ಮಾಲೂರಿನವರ ಯೋಜನೆಯಾಗಿತ್ತು.

ಮಾಡಿಸುವುದು ಸುಲಭ, ಹೊರಗೆ ಬಿಡಿಸುವುದು ಕಷ್ಟ. ಕಿಣ್ವವೂ ಒಂದು ಪ್ರೋಟೀನೇ. ಜೀವಕೋಶ ಇಂಥ ಪ್ರೋಟೀನನ್ನು ಹಾಗೇ ಹೊರಗೆ ಕಳಿಸುವುದಿಲ್ಲ. ಗೊತ್ತಾದ ಜಾಗಗಳಲ್ಲಿ ಸಕ್ಕರೆಯ ಸರ ಜೋಡಿಸುತ್ತದೆ. ಪ್ರೋಟೀನು ಸರಿಯಾಗಿ ಮಡಚಿಕೊಳ್ಳಲು ಆ ಸರ ನೆರವಾಗುತ್ತದೆ. ಮಡಿಕೆ ಕೆಟ್ಟದ್ದನ್ನು ಕೋಶ ಒಳಗೇ ಒಡೆದುಹಾಕುತ್ತದೆ. ಶ್ರೀರಾಮ್ ಸಕ್ಕರೆ ಕೂರುವ ಜಾಗಗಳನ್ನೇ ಅಳಿಸಿಬಿಟ್ಟಿದ್ದರು. ಸಕ್ಕರೆ ಇಲ್ಲದಿದ್ದರೆ ಪ್ರೋಟೀನು ಒಂದೇ ಅಳತೆಗೆ ಸಿಗುತ್ತದೆ, ಶುದ್ಧ ಮಾಡುವುದು ಸುಲಭ ಎಂದು ಅವರ ಲೆಕ್ಕ. ಹೊರಗೆ ಬಂದದ್ದು ತೀರ ಸ್ವಲ್ಪ. ನಂದ ಆ ಜಾಗಗಳನ್ನು ಹಿಂದಕ್ಕೆ ತಂದ. ಸಾಲದು ಎಂದು ಪ್ರೋಟೀನಿನ ತುದಿಗೆ ಪುಟ್ಟ ಬಾಲ ಸೇರಿಸಿ, ಬಾಲದಲ್ಲೂ ಒಂದು ಸಕ್ಕರೆಯ ಜಾಗ ಮಾಡಿದ. ಲ್ಯಾಬಿನವರು ನಕ್ಕು ತೋಕ ಎಂದು ಹೆಸರಿಟ್ಟರು.

ಒಂದು ರಾತ್ರಿ ಊಟಕ್ಕೆ ಕೂತಾಗ ಅವನು ಇದನ್ನು ಅತ್ತೆಗೆ ವಿವರಿಸಿದ್ದ.

"ಅಮ್ಮ, ಹೆಣ್ಣುಮಕ್ಕಳನ್ನ ತವರಿಂದ ಕಳಿಸೋವಾಗ ಮಡಿಲು ತುಂಬಲ್ವಾ? ಯೀಸ್ಟೂ ಹಂಗೇ. ಸಕ್ಕರೆ ಕಟ್ಕೊಟ್ಟೇ ಕಳಿಸೋದು."

"ಮತ್ತೆ ನಿಮ್ ಶ್ರೀರಾಮ ಬರಿ ಮಡಿಲಲ್ಲಿ ಕಳಿಸು ಅಂದ್ರೆ ಅದು ಹ್ಯಾಗೋ ಕಳ್ಸುತ್ತೆ? ಯೀಸ್ಟಿಗಿರೋ ಮರ್ಯಾದೆ ಅವನಿಗಿಲ್ವೇನೋ?"

ನಂದ ನೆತ್ತಿಗೆ ಹತ್ತುವಷ್ಟು ನಕ್ಕಿದ್ದ.

ಆದರೆ ತೋಕದ ಪರೀಕ್ಷೆಯಲ್ಲಿ ಕಿಣ್ವದ ಸುಳಿವೇ ಕಾಣಲಿಲ್ಲ. ಮಾಡಿದಷ್ಟು ಸಲವೂ ಇಲ್ಲ. ಯೀಸ್ಟ್ ಬೆಳೆದ ನೀರನ್ನು ಸೋಸದೆ ಹಾಗೇ ಮಾವಿನ ತಿರುಳಿಗೆ ಹಾಕಿದಾಗ ತಿರುಳು ತೆಳ್ಳಗಾದದ್ದನ್ನು ನಂದ ನೋಡಿದ್ದ. "ಕಣ್ಣಳತೆ ಟೆಸ್ಟ್ ಅಲ್ಲ. ಅಳೆದು ತೋರ್ಸು," ಎಂದಿದ್ದರು ಶ್ರೀರಾಮ್. ಆ ಪುಟ್ಟ ಲ್ಯಾಬಿನಲ್ಲಿ ಗಟ್ಟಿ, ತೆಳು ಅಳೆಯುವ ಉಪಕರಣ ಇರಲಿಲ್ಲ.

ಅದರ ಮುಂದಿನ ಭಾನುವಾರ ನಾವಿಬ್ಬರೂ ಸ್ಕೂಟರಿನಲ್ಲಿ ನಂಗಲಿಗೆ ಹೋಗಿದ್ದೆವು. ಚಹಾ ಅಂಗಡಿಯ ಪಕ್ಕ ಪೀರ್ ಸಾಬ್ ಬಣ್ಣ ಕಲಸುತ್ತಿದ್ದರು. ತೂತಿನ ಬಟ್ಟಲನ್ನು ಡಬ್ಬದಲ್ಲಿ ಅದ್ದಿ ಎತ್ತುತ್ತಿದ್ದರು. ತೂತಿನಿಂದ ಬಣ್ಣ ಎಳೆ ಕಡಿಯದೆ ಇಳಿದರೆ ಹದ. ತುಂಡು ತುಂಡಾಗಿ ಬಿದ್ದರೆ ಇನ್ನಷ್ಟು ಥಿನ್ನರ್. ನಂದ ಚಹಾ ಆರುವವರೆಗೂ ನೋಡಿದ. ಆಮೇಲೆ ಎರಡು ದಿನಕ್ಕೆ ಎಂದು ಇಸಕೊಂಡ. ದಾರಿಯಲ್ಲಿ, "ಪ್ರೋಟೀನು ಬರ್ತಿದೆ ಕಣೇ. ಎಲ್ಲೋ ನಾವೇ ಕಳ್ಕೋತಿದೀವಿ," ಎಂದ.

ಸೋಮವಾರ ಬೆಳಿಗ್ಗೆ ಬಟ್ಟಲನ್ನು ಮರೆತು ಹೋದ. ಸಂಜೆ ಕೋಲಾರದಿಂದ ಬರುವ ಬಸ್ಸಿನಲ್ಲಿ, ಕೂತ ಸೀಟಿನಲ್ಲೇ ಅವನ ಹೃದಯ ನಿಂತಿತ್ತು. ಕಂಡಕ್ಟರು ನಿದ್ದೆ ಎಂದುಕೊಂಡಿದ್ದ. 2004ರ ಮೇ ತಿಂಗಳು. ಅವನಿಗೆ ಮೂವತ್ತೊಂದು.

ಅತ್ತೆಗೆ ಹೇಳಿದೆ, "ಬಟ್ಟಲು ನಾಳೆ ಕೊಡ್ತೀನಿ. ಇವತ್ತು ಇದಕ್ಕೆ ಕೆಲಸ ಇದೆ."

ಅತ್ತೆ ನನ್ನ ಮುಖ ನೋಡಿದರು. ಏನು ಕೆಲಸ ಎಂದು ಕೇಳಲಿಲ್ಲ. ಯಲ್ದೂರಿನ ಅವರ ತಮ್ಮ ಪ್ರತಿ ವರ್ಷ ಕಳಿಸುವ ಮಾವಿನ ಬುಟ್ಟಿ ಮುಟ್ಟದೆ ಕೂತಿತ್ತು. ಅದರಿಂದ ತೋತಾಪುರಿ ಆರಿಸಿ ಚೀಲಕ್ಕೆ ತುಂಬಿಕೊಂಡೆ. ಗೇಟು ತೆಗೆಯುವಾಗ ಪಕ್ಕದ ಮನೆಯ ಮುನಿಯಲ್ಲಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ ರಾಧಮ್ಮೋರೇ, ಸೊಸೇನ ಆಗ್ಲೇ ಹೊಸ್ಲು ದಾಟಿಸ್ಬಿಟ್ರಾ? ತಿಂಗ್ಳಾದ್ರೂ ಆಗ್ಬೇಡ್ವಾ?"

"ಕೆಲ್ಸ ಇತ್ತು, ದಾಟಿಸ್ದೆ," ಎಂದರು ಅತ್ತೆ. "ನಿಮ್ಮನೆ ಕೊಳಗ ತೊಳೆದಿಟ್ಟಿದೀನಿ, ಬಂದು ತಗೊಂಡೋಗಿ."

ಅತ್ತೆಯೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡವರು. ಅವರನ್ನು ಆಗ ಯಾರೂ ದಾಟಿಸಿರಲಿಲ್ಲ.

ಮಾಲೂರಿನ ಲ್ಯಾಬಿನಲ್ಲಿ ನಂದನ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಛತ್ರಿ, ಲೋಟ, ಹಳೆಯ ಚಪ್ಪಲಿ. ಪಕ್ಕದ ಸ್ಟ್ಯಾಂಡಿನಲ್ಲಿ ಮುಚ್ಚಳಕ್ಕೆ ಕೆಂಪು ಚೀಟಿ ಅಂಟಿಸಿದ ಪುಟ್ಟ ನಳಿಕೆಗಳು. ಕೆಂಪು ಎಂದರೆ ಎಸೆಯಬೇಕಾದದ್ದು. ಒಂದರ ಮೇಲೆ ನಂದನ ಅಕ್ಷರದಲ್ಲಿ 'ತೋಕ' ಎಂದಿತ್ತು.

ಅವನ ಜೊತೆ ಕೆಲಸ ಮಾಡುತ್ತಿದ್ದ ರುಮಾನಾ ಮಾಲೂರಿನ ಹುಡುಗಿ. ನನ್ನನ್ನು ಕಂಡು ಕೈಗವಸು ಬಿಚ್ಚಿ ಹತ್ತಿರ ಬಂದಳು.

"ಅಕ್ಕಾ, ನಾನು ಏನ್ ಹೇಳ್ಬೇಕೋ..."

"ಏನೂ ಹೇಳ್ಬೇಡ. ಟೆಸ್ಟ್ ಮಾಡು, ನಾನು ನೋಡ್ತೀನಿ."

ಅವಳು ಕೆಲಸ ಮುಂದುವರಿಸಿದಳು. ಚೊಕ್ಕ ಕೈ. ಯೀಸ್ಟ್ ಬೆಳೆದ ನೀರನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿ ಯೀಸ್ಟನ್ನು ತಳಕ್ಕೆ ಇಳಿಸಿದಳು. ಮೇಲಿನ ತಿಳಿನೀರನ್ನು ಒಂದು ಸ್ಟೀಲಿನ ಉಪಕರಣಕ್ಕೆ ಸುರಿದಳು. ಅದರ ತಳದಲ್ಲಿ ಒಂದು ಪೊರೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಪೊರೆ. ಮೇಲಿಂದ ಒತ್ತಡ ಕೊಟ್ಟಾಗ ನೀರು ಪೊರೆ ದಾಟಿ ಕೆಳಗಿನ ಗಾಜಿನ ಪಾತ್ರೆಗೆ ತೊಟ್ಟಿಕ್ಕಿತು. ಹಾಗೆ ದಾಟಿ ಬಂದದ್ದನ್ನೇ ಅವರು ಪರೀಕ್ಷೆಗೆ ಹಾಕುತ್ತಿದ್ದರು.

ಪೊರೆಯ ಮೇಲೆ ಸ್ವಲ್ಪ ಉಳಿಯಿತು. ಚಹಾ ಬಣ್ಣದ ಮಂದ ನೀರು. ರುಮಾನಾ ಅದನ್ನು ಎತ್ತಿಕೊಂಡು ಬ್ಲೀಚಿನ ಬಕೆಟ್ಟಿನ ಕಡೆ ತಿರುಗಿದಳು.

"ನಿಲ್ಲು," ಎಂದೆ. "ಅದೇನು?"

"ಕಸ ಅಕ್ಕ. ಮೇಲೆ ಉಳಿಯೋದು. ಯಾವಾಗ್ಲೂ ಚೆಲ್ಲೋದೇ."

"ಆ ಪೊರೆ ತೂತು ಯಾವ ಲೆಕ್ಕದಲ್ಲಿ ತರಿಸಿದ್ದು?"

"ಪ್ರೋಟೀನು ಆರಾಮಾಗಿ ಇಳೀಲಿ ಅಂತ ಅದರ ಎರಡರಷ್ಟು ದೊಡ್ಡದು."

"ಯಾವ ಪ್ರೋಟೀನಿನ ಎರಡರಷ್ಟು? ಸಕ್ಕರೆ ಇರೋದಾ, ಇಲ್ದಿರೋದಾ?"

ರುಮಾನಾ ಕೈಯಲ್ಲಿದ್ದುದನ್ನು ನಿಧಾನವಾಗಿ, ತುಂಬಿದ ಕೊಡ ಇಳಿಸುವಂತೆ ಮೇಜಿನ ಮೇಲೆ ಇಟ್ಟಳು.

"ಯಾ ಅಲ್ಲಾ," ಎಂದಳು. "ಶ್ರೀರಾಮ್ ಸಾರೂ!"

ಶ್ರೀರಾಮ್ ಬಂದರು. ಕೇಳಿದರು. ಕನ್ನಡಕ ಒರೆಸಿಕೊಂಡರು.

"ಸಕ್ಕರೆ ಸೇರಿದ್ರೆ ಸ್ವಲ್ಪ ದಪ್ಪ ಆಗುತ್ತೆ, ಒಪ್ತೀನಿ. ಅಷ್ಟೊಂದಾ ಮೇಡಂ?"

"ಯೀಸ್ಟ್ ಕೈ ಬಿಗಿ ಹಿಡಿಯೋದಿಲ್ಲ ಶ್ರೀರಾಮ್ ಅವರೇ. ಬೂಷ್ಟು ಹಿಡಿಯಷ್ಟು ಹಾಕೋ ಕಡೆ ಇದು ಮೂಟೆ ಹಾಕುತ್ತೆ. ಆ ಸಕ್ಕರೆ ನೀರು ಹಿಡ್ಕೊಂಡು ಉಬ್ಬುತ್ತೆ. ನಿಮ್ಮ ಪೊರೆ ಸಕ್ಕರೆ ಇಲ್ದಿರೋ ಪ್ರೋಟೀನಿನ ಅಳತೇದು. ನಿಮ್ಮ ತಳೀಲಿ ಪ್ರೋಟೀನು ಪೊರೆ ದಾಟ್ತಿತ್ತು, ಆದ್ರೆ ಯೀಸ್ಟಿಂದ ಹೊರಗೆ ಬರ್ತಿರ್ಲಿಲ್ಲ. ಇವರ ತಳೀಲಿ ಯೀಸ್ಟಿಂದ ಹೊರಗೆ ಬರ್ತಿದೆ, ಪೊರೆ ದಾಟ್ತಿಲ್ಲ."

"ಊಹೆ."

"ಹೌದು. ಅದಕ್ಕೇ ಮಾವಿನಹಣ್ಣು ತಂದಿದೀನಿ."

ಅವರು ರಟ್ಟಿನ ಪೆಟ್ಟಿಗೆಯ ಕಡೆ ನೋಡಿ ಪಕ್ಕಕ್ಕೆ ಸರಿದರು.

ಹಣ್ಣು ಹಿಂಡಿ, ಜರಡಿಯಲ್ಲಿ ತಿಕ್ಕಿ, ಒಂದೇ ಸಮ ತಿರುಳು ಮಾಡಿದೆವು. ಮೂರು ಪಾತ್ರೆಗೆ ಹಂಚಿದೆವು. ಒಂದಕ್ಕೆ ತೋಕದ ಪೊರೆಯ ಮೇಲೆ ಉಳಿದದ್ದು. ಇನ್ನೊಂದಕ್ಕೆ ಅದನ್ನೇ ಕುದಿಸಿ ಕಿಣ್ವವನ್ನು ಸಾಯಿಸಿದ್ದು. ಯೀಸ್ಟಿನದೇ ಗುಣ ಇರಬಹುದು ಎಂದು ಶ್ರೀರಾಮ್ ಹೇಳುವ ಮೊದಲೇ, ಮೂರನೆಯದಕ್ಕೆ ಯಾವ ಜೀನೂ ಸೇರಿಸದ ಬರಿ ಯೀಸ್ಟಿನ ನೀರನ್ನು ಅದೇ ರೀತಿ ಸೋಸಿ ಮೇಲೆ ಉಳಿದದ್ದು. ಮೂರನ್ನೂ ಬೆಚ್ಚನೆಯ ನೀರಿನಲ್ಲಿ ಇಟ್ಟು ಕಾದೆವು. ರುಮಾನಾ ಚಹಾ ತಂದಳು. ನಂದನ ಲೋಟದಲ್ಲಿ ನನಗೆ ಕೊಟ್ಟಳು.

ಚೀಲದಿಂದ ಬಟ್ಟಲು ತೆಗೆದೆ.

"ಇದೇನು?" ಎಂದರು ಶ್ರೀರಾಮ್.

"ಅಳೆದು ತೋರ್ಸು ಅಂದಿದ್ರಂತಲ್ಲ ನೀವು. ಅಳತೆ."

ಮೊದಲು ಬರಿ ಯೀಸ್ಟಿನದು. ತಿರುಳು ಬಟ್ಟಲಲ್ಲೇ ಕೂತಿತು. ತುಂಬ ಹೊತ್ತಿನ ಮೇಲೆ ತೂತಿನಿಂದ ಒಂದು ಮುದ್ದೆ ಜಾರಿತು. ಕುದಿಸಿದ್ದೂ ಹಾಗೇ. ಬಟ್ಟಲು ತೊಳೆದು ತೋಕದ್ದನ್ನು ತುಂಬಿ ಎತ್ತಿದೆ. ತೂತಿನಿಂದ ಹಳದಿ ಎಳೆ ಇಳಿಯಿತು. ನೇರವಾಗಿ, ಸಣ್ಣಗೆ, ಒಂದೇ ಸಮ. ಬಟ್ಟಲು ಬರಿದಾಗುವವರೆಗೂ ಕಡಿಯಲಿಲ್ಲ.

"ಇನ್ನೊಂದ್ಸಲ," ಎಂದರು ಶ್ರೀರಾಮ್. ಬಟ್ಟಲನ್ನು ನನ್ನ ಕೈಯಿಂದ ತಗೊಂಡರು. ಮೂರನ್ನೂ ತಾವೇ ಮಾಡಿದರು. ಅಂಗಿಯ ತೋಳಿಗೆ ಮಾವು ಮೆತ್ತಿಕೊಂಡಿತು. ಎಳೆ ಮತ್ತೆ ಇಳಿಯಿತು.

"ಅಂದ್ರೆ ಇಷ್ಟು ದಿನಾನೂ ನಾವು ಬಕೆಟ್ಟಿಗೆ..." ಎಂದರು. ಬಟ್ಟಲನ್ನು ತಾವೇ ತೊಳೆದು, ಒರೆಸಿ, ನನಗೆ ಕೊಟ್ಟರು. ಆಮೇಲೆ ಸ್ಟ್ಯಾಂಡಿನ ಬಳಿ ಹೋಗಿ ತೋಕದ ಮುಚ್ಚಳದ ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತರು.

"ದೊಡ್ಡ ತೂತಿನ ಪೊರೆ ತರಿಸ್ತೀನಿ. ಮುಂದಿನ ಸೀಸನ್ನಿಗೆ ದೊಡ್ಡ ಟ್ಯಾಂಕಲ್ಲಿ ಬೆಳೆಸೋಣ. ಇದಕ್ಕೊಂದು ಸರಿಯಾದ ಹೆಸರಿಡಬೇಕು ಮೇಡಂ. ರಿಪೋರ್ಟಿಗೆ ಹೋಗುತ್ತೆ."

"ಅದೇ ಸರಿಯಾದ ಹೆಸರು," ಎಂದೆ.

ರುಮಾನಾ ಬಸ್ ಸ್ಟ್ಯಾಂಡಿನವರೆಗೂ ಪೆಟ್ಟಿಗೆ ಹೊತ್ತು ತಂದಳು. "ಅಕ್ಕ, ಬಕೆಟ್ಟಿಗೆ ಸುರಿದಿದ್ದು ನನ್ ಕೈ," ಎಂದಳು. ಇವತ್ತು ಮೇಜಿನ ಮೇಲೆ ಇಳಿಸಿದ್ದೂ ನಿನ್ನ ಕೈಯೇ ಎಂದೆ.

ಕೋಲಾರದಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತೆ. ಆ ದಾರಿ, ಆ ಸಂಜೆಯ ಬಸ್ಸೇ. ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಅಷ್ಟು ದಿನ ಮರಗಟ್ಟಿದ ಮೈಯಲ್ಲಿ ಬಂದದ್ದು ಹೆಮ್ಮೆ. ಕಾಲು ಜೋಮು ಬಿಡುವಾಗ ಆಗುವಂತೆ, ಚುಚ್ಚುತ್ತಾ ಬಂತು. ಅವನು ಹೇಳಿದ್ದು ಸರಿಯಾಗಿತ್ತು. ಸತ್ತವರ ಬಗ್ಗೆ ಹೆಮ್ಮೆ ಪಡುವುದು ಸುಲಭ. ನನಗೆ ನನ್ನ ಬಗ್ಗೆಯೂ ಇತ್ತು.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಮಡಿಲು ತುಂಬಿಸಿ ಕಳಿಸಿದ್ರು, ಇವರ ಬಾಗಿಲು ಚಿಕ್ಕದಾಯ್ತು ಅನ್ನು."

"ಹೂಂ ಅತ್ತೆ."

"ಎಸೆಯಲ್ಲ ತಾನೇ?"

"ಎಸೆಯಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಆಚೆಗೆ ಕೇಳಲೆಂದೇ ಎತ್ತಿದ ಅವರ ದನಿ ನನಗೂ ಕೇಳಿಸಿತು. "ಮುನಿಯಲ್ಲಮ್ಮಾ, ಬೆಳಿಗ್ಗೆ ಕೇಳಿದ್ರಲ್ಲ. ನನ್ ಮಗ ಮಾಡಿದ ಕೆಲ್ಸ ನಿಂತ್ಕೊಳ್ತು. ನನ್ ಸೊಸೆ ಹೋಗಿ ನಿಲ್ಸಿ ಬಂದ್ಲು."

ಮರುದಿನ ಬಟ್ಟಲನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಹಿತ್ತಾಳೆ ಹೊಸದರಂತಾಯಿತು. ಅತ್ತೆ ಬೆಲ್ಲದ ಡಬ್ಬ ಹಿಡಿದು ಬಂದರು. ತೂತು ನೋಡಿ ನಿಂತರು. ಡಬ್ಬ ಒಳಗಿಟ್ಟು ಬುಟ್ಟಿಯ ಬಳಿ ಕೂತು ಒಂದೊಂದೇ ಹಣ್ಣು ಎತ್ತಿ ಅದರ ಬಾಯಿಗೆ ಇಟ್ಟು ನೋಡಿದರು. ಒಂದು ದುಂಡನೆಯ ಬಾದಾಮಿ ಹಣ್ಣು ಸರಿಯಾಗಿ ಕೂತಿತು.

"ತಗೋ. ಇದು ಸೋರಲ್ಲ," ಎಂದರು.

ನಂಗಲಿಯಲ್ಲಿ ಪೀರ್ ಸಾಬ್ ಒಂದು ಲಾರಿಯ ಹಿಂಬದಿಯ ಹಲಗೆಗೆ ಕೆಂಪು ಬಳಿಯುತ್ತಿದ್ದರು. ನನ್ನನ್ನು ಕಂಡು ಬ್ರಷ್ಷನ್ನು ಡಬ್ಬದ ಮೇಲಿಟ್ಟು ಎದ್ದು ನಿಂತರು.

"ಬನ್ನಿ ತಾಯಿ. ಇಷ್ಟು ದೂರ ಯಾಕ್ ಬಂದ್ರಿ, ಹೇಳ್ಕಳ್ಸಿದ್ರೆ ನಾನೇ ಬರ್ತಿದ್ನಲ್ಲ."

"ಇವರು ಎರಡು ದಿನಕ್ಕೆ ಅಂತ ಇಸ್ಕೊಂಡಿದ್ರು. ತಡ ಆಯ್ತು."

"ತಡ ಏನ್ ಬಿಡಿ. ಅದಿಲ್ದೆ ಎರಡು ಲಾರಿ ಕಣ್ಣಂದಾಜಲ್ಲೇ ಬಳ್ದೆ. ಒಂದು ಇಳ್ದೋಯ್ತು, ಒಂದು ನಿಂತ್ಕೊಳ್ತು." ನಕ್ಕು, ಮತ್ತೆ ಗಂಭೀರವಾದರು. "ಕಿಶೋರ್ ಸಾರ್ ಕೆಲ್ಸ ಆಯ್ತಾ? ಏನೋ ಹದ ನೋಡ್ಬೇಕು ಅಂತಿದ್ರು."

"ಆಯ್ತು. ನಿನ್ನೆ ನೋಡಿದ್ವಿ."

"ಎಳೆ ಬಂತಾ?"

"ಬಂತು. ಕಡೀಲಿಲ್ಲ."

"ಶಹಬ್ಬಾಸ್," ಎಂದರು ಪೀರ್ ಸಾಬ್, ನನಗಲ್ಲ, ರಸ್ತೆಯ ಕಡೆಗೆ. ಬಣ್ಣ ಹತ್ತಿದ ಕೈಗಳನ್ನು ಲುಂಗಿಗೆ ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದರು. ಹಣ್ಣು ಉರುಳದಂತೆ ಹಿಡಿದು ಬಟ್ಟಲನ್ನು ಅವರ ಕೈಗೆ ಕೊಟ್ಟೆ.